ನೆಲಕ್ಕೆ ಬಿಟ್ಟ ಮಗು

ಡಾಕ್ಟರ್ ಮಗುವಿನ ಎರಡೂ ಕೈ ಹಿಡಿದು ಮೆಲ್ಲಗೆ ಎಬ್ಬಿಸಿದರು. ಮೈ ಎದ್ದಿತು.

ತಲೆ ಹಿಂದೆಯೇ ಉಳಿಯಿತು.

ಜಾನುವಿಗೆ ಆಗ ಐದು ತಿಂಗಳು. ಇಂಜೆಕ್ಷನ್ ಹಾಕಿಸಲೆಂದು ಹೋಗಿದ್ದೆವು. ಮಸಲ್ ಟೋನ್, ಅಂದರೆ ಸ್ನಾಯುಗಳ ಬಿಗಿ, ಕಡಿಮೆಯಿದೆ ಎಂದು ಫಿಸಿಯೋಥೆರಪಿಗೆ ಚೀಟಿ ಬರೆದರು. ಮುಂದೆ ನಡೆಯುತ್ತಾಳಾ ಎಂದು ಕೇಳಿದೆ. "ಮೊದಲು ಮಗುಚಿಕೊಳ್ಳಲಿ," ಎಂದರು.

ಥೆರಪಿಸ್ಟ್ ಹೆಂಗಸು ಕೇಳಿದ್ದು ಒಂದೇ ಪ್ರಶ್ನೆ. "ಬಚ್ಚೀ ದಿನ್ ಭರ್ ಕಹಾಂ ರಹತೀ ಹೈ?" ದಿನವಿಡೀ ಮಗು ಎಲ್ಲಿರುತ್ತದೆ ಎಂದು.

ಇಡೀ ದಿನ ಜೋಲಿಯಲ್ಲಿ. ಲೋಧಿ ಕಾಲೋನಿಯ ನಮ್ಮ ಸರ್ಕಾರಿ ಮನೆಯ ಎತ್ತರದ ಚಾವಣಿಯಲ್ಲಿ ಕೊಕ್ಕೆಯೊಂದಿತ್ತು. ಬಾಣಂತನಕ್ಕೆಂದು ಹಾಸನದಿಂದ ಬಂದ ಅತ್ತೆ ತಮ್ಮ ಹತ್ತಿ ಸೀರೆಯನ್ನು ಅದಕ್ಕೆ ಕಟ್ಟಿದ್ದರು. ದೆಹಲಿಯ ಚಳಿಗೆ ನೆಲ ಮುಟ್ಟುವ ಹಾಗಿರಲಿಲ್ಲ. ಎರಡು ಸ್ವೆಟರ್, ಟೋಪಿ ತೊಡಿಸಿ ಜೋಲಿಗೆ ಹಾಕಿದರೆ ಮಗು ಚಕಾರ ಎತ್ತುತ್ತಿರಲಿಲ್ಲ. ಎಷ್ಟು ಸಾಧು ಕೂಸು ಎಂದು ಬಂದವರೆದುರು ಜಂಬ ಕೊಚ್ಚಿಕೊಂಡವಳು ನಾನೇ.

ಜೋಲಿಯಿಂದ ಹೀಗಾದದ್ದಲ್ಲ, ಆದರೆ ಅದರೊಳಗೆ ಅವಳಿಗೆ ಕೈಕಾಲು ಬಡಿಯಲು ಜಾಗವಿಲ್ಲ ಎಂದರು ಆಕೆ. ಎಚ್ಚರವಿದ್ದಾಗೆಲ್ಲ ನೆಲದ ಮೇಲೆ ಬಿಡಿ. ಎದೆಯಡಿ ಟವೆಲ್ ಸುರುಳಿ ಇಟ್ಟು ಬೋರಲು ಮಲಗಿಸಿ, ಎದುರಿಗೆ ಗಿಲಕಿ ಆಡಿಸಿ. ಆಟ ಅಷ್ಟೇ.

ಆಟವಂತೆ!

ರಜಾಯಿ ಹಾಸಿ ಬೋರಲು ಮಲಗಿಸಿದ ಕೂಡಲೇ ಕಿರುಚುತ್ತಿದ್ದಳು. ಗಂಡ ಆಫೀಸಿಗೆ ಹೋಗಿ ತಪ್ಪಿಸಿಕೊಳ್ಳುತ್ತಿದ್ದರು. ಅತ್ತೆ ನೋಡಲಾರದೆ ಅಡುಗೆಮನೆ ಸೇರಿ, "ನಿಂಗೆ ಕರುಳಿಲ್ವೇನೇ? ಎತ್ಕೊಳ್ಳೇ," ಎಂದು ಅಲ್ಲಿಂದಲೇ ಕೂಗುತ್ತಿದ್ದರು. ಮುಚ್ಚಿದ ಕಿಟಕಿ, ಹೀಟರ್, ಗಿಲಕಿ, ಅಳು. ದಿನಕ್ಕೆ ಆರು ಬಾರಿ. ಕೆಳಗೆ ಹೆಂಗಸರು ಬಿಸಿಲಿನಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರೂ, ಇನ್ನೂ ಮಗುಚಿಲ್ಲವಾ ಎಂದು ಯಾರಾದರೂ ಕೇಳಿಯಾರೆಂದು ಹೆದರಿ, ಆಸ್ಪತ್ರೆಗಲ್ಲದೆ ಎರಡು ತಿಂಗಳು ನಾನು ಮೆಟ್ಟಿಲಿಳಿಯಲಿಲ್ಲ. ಒಂದು ದಿನ ಗಿಲಕಿಯನ್ನು ಗೋಡೆಗೆಸೆದೆ. ಆ ಕ್ಷಣ ಮಗುವನ್ನು ದ್ವೇಷಿಸಿದೆ.

ಹೌದು, ನನ್ನ ಮಗುವನ್ನೇ.

ಫೆಬ್ರವರಿಯ ಒಂದು ಮಧ್ಯಾಹ್ನ ಸಾಕಾಗಿ, ಅವಳನ್ನು ಅಂಗಾತ ಮಲಗಿಸಿ ನಾನೂ ಪಕ್ಕದಲ್ಲಿ ಬಿದ್ದುಕೊಂಡೆ. ಏನೂ ಆಡಿಸಲಿಲ್ಲ. ಜಾನು ನನ್ನ ಮೂಗುಬೊಟ್ಟನ್ನು ನೋಡಿದಳು. ಕೈ ಚಾಚಿದಳು. ಸೊಂಟ ತಿರುಗಿತು. ದೊಪ್ಪೆಂದು ಬೋರಲು ಬಿದ್ದಳು. ಒಂದು ಕೈ ಎದೆಯಡಿ ಸಿಕ್ಕಿಕೊಂಡಿತು. ನಾನು ಮೊಣಕೈಯನ್ನು ಒಂದಿಷ್ಟು ಸಡಿಲಿಸಿದೆ, ಉಳಿದದ್ದನ್ನು ಅವಳೇ ಎಳೆದುಕೊಂಡಳು. ಗಂಡನ ಆಫೀಸಿನ ಲ್ಯಾಂಡ್‌ಲೈನಿಗೆ ಫೋನ್ ಮಾಡಿದೆ. "ಅಚ್ಛಾ?" ಎಂದು ಎರಡೆರಡು ಸಲ ಕೇಳಿ ಫೋನ್ ಇಟ್ಟುಬಿಟ್ಟರು.

ಈಗ ಎಂಟು ತಿಂಗಳು. ಕೂರುವುದಿಲ್ಲ. ನಡೆಯುವ ಮಾತನ್ನು ಡಾಕ್ಟರ್ ಎತ್ತುವುದಿಲ್ಲ, ನಾನೂ ಕೇಳುವುದನ್ನು ಬಿಟ್ಟಿದ್ದೇನೆ.

ಇವತ್ತು ಬೆಳಿಗ್ಗೆ ಸೊಪ್ಪು ಬಿಡಿಸುತ್ತಿದ್ದವಳು ತಿರುಗಿ ನೋಡಿದರೆ ನೆಲದ ಮೇಲಿನ ರಜಾಯಿ ಖಾಲಿ. ಬಾಗಿಲ ಸಂದಿ, ಕುರ್ಚಿಯ ಹಿಂದೆಲ್ಲ ನೋಡಿದೆ. ಉರುಳಿಕೊಂಡು ಹೋಗಿ ಮಂಚದ ಕೆಳಗೆ ಸೇರಿ, ಅತ್ತೆಯ ಚಪ್ಪಲಿ ಚೀಪುತ್ತಿದ್ದಳು. ಬಯ್ಯಬೇಕಿತ್ತು. ಆಗಲಿಲ್ಲ. ಹುಟ್ಟಿದಾಗಿನಿಂದ ಮೊದಲ ಬಾರಿಗೆ, ನನ್ನ ಮಗು ಎಲ್ಲಿದೆಯೆಂದು ನಾನು ಹುಡುಕಬೇಕಾಯಿತು.