ಕಿಟಕಿಯಿಂದ ಎದ್ದ ಕೈ

ವರ್ನಾ ಟ್ಯಾಕೆಟ್‌ಳ ಗಂಡ ಸಾಯುವುದನ್ನು ಅರ್ಧ ಅಮೆರಿಕ ಚಪ್ಪಾಳೆ ಹೊಡೆದು ನೋಡಿದೆ. ನೋಡಿದವರಿಗೆ ಅದು ಗೊತ್ತಿಲ್ಲ, ಅಷ್ಟೆ.

ಟೆಕ್ಸಸ್‌ನ ಲೂಲಿಂಗ್ ಊರಾಚೆ ಎಪ್ಪತ್ನಾಲ್ಕರಲ್ಲಿ ತೆಗೆದ ಚಿತ್ರ ಅದು. ಕಾರಿನಲ್ಲೇ ಕೂತು ನೋಡುವ ಬಯಲು ಟಾಕೀಸುಗಳಿಗೆಂದು ಹದಿನೈದು ದಿನದಲ್ಲಿ ಸುತ್ತಿ ಬಿಸಾಕಿದ್ದು. ಕಥೆ ನೆಪಕ್ಕೆ. ಬಿಳಿ ಚಾಲೆಂಜರ್ ಕಾರು ಓಡುತ್ತದೆ, ಕರಿ ನೋವಾ ಕಾರು ಅಟ್ಟಿಸಿಕೊಂಡು ಹೋಗುತ್ತದೆ, ಕೊನೆಗೆ ಬಿಳಿ ಕಾರು ಹಳ್ಳ ಹಾರಿ ಆಚೆ ದಡಕ್ಕೆ ಅಪ್ಪಳಿಸುತ್ತದೆ. ಆಮೇಲೆ ಧೂಳಿನೊಳಗಿಂದ, ಕಿಟಕಿಯಾಚೆ, ಗೆದ್ದೆ ಎನ್ನುವಂತೆ ಒಂದು ಕೈ ಮೇಲೇಳುತ್ತದೆ. ಆ ಕೈ ಪೋಸ್ಟರಿಗೆ ಹೋಯಿತು, ಅಂಗಿಗಳ ಮೇಲೆ ಅಚ್ಚಾಯಿತು.

ಅದು ವರ್ನಾಳ ಗಂಡ ಡೆಲ್ಬರ್ಟ್‌ನ ಕೈ. ನಾಯಕನ ಬದಲು ಕಾರು ಹಾರಿಸುತ್ತಿದ್ದವನು ಅವನೇ.

ಆ ಕಸುಬಿನವರಲ್ಲಿ ಒಂದು ಕಟ್ಟಳೆ. ಕಾರು ಬಿದ್ದ ಮೇಲೆ ಒಳಗಿದ್ದವನು ಕೈ ಎತ್ತಿದರೆ, ನಾನು ಚೆನ್ನಾಗಿದ್ದೇನೆ, ಯಾರೂ ಅಡ್ಡ ಬರಬೇಡಿ, ಕ್ಯಾಮೆರಾ ಓಡಲಿ ಎಂದರ್ಥ. ಐದು ಎಣಿಸುವುದರೊಳಗೆ ಕೈ ಕಾಣದಿದ್ದರೆ ಓಡಬೇಕು. ಎಣಿಸುವುದೂ ಓಡುವುದೂ ವರ್ನಾಳ ಕೆಲಸ. ಅಂದು ಮೂರು ಎಣಿಸುವಷ್ಟರಲ್ಲಿ ಕೈ ಎದ್ದಿತು. ಧೂಳು ಚೆಂದ ಕಾಣುತ್ತಿದೆ ಎಂದು ನಿರ್ದೇಶಕ ಇನ್ನೂ ಒಂದಷ್ಟು ಹೊತ್ತು ಕ್ಯಾಮೆರಾ ಓಡಿಸಿದ. ವರ್ನಾ ನಿರಾಳವಾಗಿ ನಿಂತಳು. ಆಮೇಲೆ ನಗುನಗುತ್ತ ನೀರು ಹಿಡಿದು ಹೋದರೆ, ಎದೆಗೆ ಪೆಟ್ಟು ಬಿದ್ದು ಡೆಲ್ಬರ್ಟ್‌ನ ಉಸಿರು ನಿಂತಿತ್ತು. ಬೇಗ ಹೊರಗೆಳೆದಿದ್ದರೆ ಬದುಕುತ್ತಿದ್ದನೇನೋ ಎಂದರು ಡಾಕ್ಟರು.

ನಿರ್ಮಾಪಕರು ಸುದ್ದಿ ಮುಚ್ಚಿಹಾಕಿ ಆ ದೃಶ್ಯವನ್ನು ಮಾತ್ರ ಉಳಿಸಿಕೊಂಡರು. ಆ ಕೈ ತನ್ನನ್ನು ಕರೆದಿತ್ತು ಎಂಬುದನ್ನು ವರ್ನಾ ಯಾರ ಮುಂದೆಯೂ ಬಾಯಿಬಿಡಲಿಲ್ಲ. ಸಿನಿಮಾದ ಸಹವಾಸವೇ ಬೇಡವೆಂದು ಇಪ್ಪತ್ತೆಂಟು ವರ್ಷ ಲೂಲಿಂಗ್‌ನಲ್ಲಿ ಸ್ಕೂಲ್ ಬಸ್ಸು ಓಡಿಸಿದಳು. ಮಕ್ಕಳು ಆಮೆ ಬಸ್ಸು ಎಂದು ರೇಗಿಸಿದರೂ ವೇಗ ಗಂಟೆಗೆ ನಲವತ್ತು ಮೈಲಿ ದಾಟಿಸಿದವಳಲ್ಲ.

ಮೂವತ್ತೆರಡು ವರ್ಷದ ಮೇಲೆ ಕೋಲ್ಬಿ ಎಂಬ ನಿರ್ದೇಶಕ ಅವಳ ಮನೆ ಹುಡುಕಿಕೊಂಡು ಬಂದ. ಅಂಥ ಹಳೇ ಚಿತ್ರಗಳೆಂದರೆ ಅವನಿಗೆ ಪ್ರಾಣ. ನಂಬರ್ ಪ್ಲೇಟು ಒಂದು ಚಿತ್ರದ್ದು, ಬಾನೆಟ್ಟಿನ ಕಪ್ಪು ಪಟ್ಟಿ ಇನ್ನೊಂದರದ್ದು, ಹೀಗೆ ಎಲ್ಲವನ್ನೂ ಹೆಕ್ಕಿ ತಂದು ತನ್ನ ಚಿತ್ರಕ್ಕೆ ಪೋಣಿಸಿದ್ದ. ಹಿಂದಿನವರು ರೀಲಿಗೆ ಗೀರು ಬೀಳದಿರಲಿ ಎಂದು ಒದ್ದಾಡುತ್ತಿದ್ದರು. ಈ ಪುಣ್ಯಾತ್ಮ ಹೊಸ ರೀಲಿಗೆ ಬೇಕೆಂದೇ ಗೀರು ಹಾಕಿಸುತ್ತಿದ್ದ. ಅದೇ ಹಳ್ಳ, ಅದೇ ಬಿಳಿ ಕಾರು, ಅದೇ ಕೈ. ನೀವು ಬಂದು ಕೂತರೆ ಸಾಕು ಎಂದ.

ಬೇಡವೆನ್ನಬೇಕೆಂದಿದ್ದಳು. ಕಾರು ಹಾರಿಸುವವಳು ಇಪ್ಪತ್ತಾರರ ಹುಡುಗಿ ಎಂದು ಕೇಳಿದ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ.

"ಆ ಕೈ ಬೇಡ ಕಣಪ್ಪ, ತೆಗೆದ್ಬಿಡು," ಎಂದಳು ಹಳ್ಳದ ದಡದಲ್ಲಿ.

"ಅಯ್ಯೋ ಮಿಸ್ ವರ್ನಾ, ಅದಿಲ್ದೆ ಇನ್ನೇನಿದೆ?" ಕೋಲ್ಬಿ ನಕ್ಕ. "ನಾನು ಸಿನಿಮಾ ಮಾಡ್ತಿರೋದೇ ಆ ಕೈಗೋಸ್ಕರ. ನಿಮ್ ಯಜಮಾನ್ರಿಗೆ ನಾವು ಹೊಡೀತಿರೋ ಸಲಾಮು ಅಂದ್ಕೊಳ್ಳಿ."

ನಿಜ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ಹೇಳಿದರೆ, ತಾನು ಸುಮ್ಮನೆ ನಿಂತಿದ್ದದ್ದನ್ನೂ ಹೇಳಬೇಕಿತ್ತು. ನುಂಗಿಕೊಂಡಳು. ಹೆಲ್ಮೆಟ್ಟು ಬಿಗಿಯುತ್ತಿದ್ದ ಹುಡುಗಿ ಮರಿಸೋಲ್ ಬಳಿಗೆ ಹೋದಳು.

"ಅವ್ರಿಗೆ ಕೈ ತೋರ್ಸು. ಚೆನ್ನಾಗಿದ್ರೆ ನಂಗೆ ಮಾತ್ರ ಹಾರ್ನ್ ಹೊಡಿ. ಎರಡು ಸಲ."

"ಸ್ಕೂಲ್ ಬಸ್ಸಿನ ಥರಾನಾ ಮಿಸ್ ವರ್ನಾ?"

"ಹೂಂ, ಹಂಗೇ. ಹಲ್ಲು ಕಿರೀಬೇಡ, ಮಾತು ಕೊಡು."

"ಕೊಟ್ಟೆ ಕಣಜ್ಜಿ!" ಎಂದು ಮರಿಸೋಲ್ ಕಣ್ಣು ಹೊಡೆದಳು.

ಮಟಮಟ ಮಧ್ಯಾಹ್ನ. ಬಿಳಿ ಕಾರು ಗುಡುಗಿಕೊಂಡು ಬಂತು, ಹಾರಿತು, ಮೂತಿ ಮುಂದಾಗಿ ಆಚೆ ದಡಕ್ಕೆ ಬಿತ್ತು. ವರ್ನಾ ಎಣಿಸತೊಡಗಿದಳು. ಮೂರಕ್ಕೆ ಕೈ ಎದ್ದಿತು. ತಂಡದವರೆಲ್ಲ ಬಾಯಿ ಮುಚ್ಚಿಕೊಂಡೇ ಕುಣಿದರು. ನಾಲ್ಕು. ಹಾರ್ನ್ ಇಲ್ಲ. ಐದು.

ಅರವತ್ತೊಂದರ ಹೆಂಗಸು, ಒಂದು ಮಂಡಿ ಸವೆದವಳು, ಮೊಣಕಾಲುದ್ದದ ನೀರಿಗೆ ಇಳಿದೇ ಬಿಟ್ಟಳು. "ಯಾರ್ರೀ ಅದು, ಹಿಡೀರಿ!" ಎಂದು ಕೋಲ್ಬಿ ಕಿರುಚಿದ. ಕ್ಯಾಮೆರಾದ ಮುಂದೆಯೇ ಹಾದು, ಎರಡು ಸಲ ಬಿದ್ದು, ದಡ ಹತ್ತಿ, ಧೂಳಿನೊಳಗೆ ನುಗ್ಗಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೆಚ್ಚಗಿತ್ತು. ನಾಡಿ ಹೊಡೆದುಕೊಳ್ಳುತ್ತಿತ್ತು.

"ಏನೂ ಆಗಿಲ್ಲ ಮಿಸ್ ವರ್ನಾ, ಹಾರ್ನ್ ಒತ್ತುತ್ತಾನೇ ಇದೀನಿ, ವೈರು ಕಿತ್ತೋಗಿರ್ಬೇಕು," ಎಂದಳು ಮರಿಸೋಲ್ ಒಳಗಿನಿಂದ. "ಶಾಟು ಹಾಳಾಯ್ತಲ್ಲ. ಇನ್ನೊಂದು ಕಾರೂ ಇಲ್ಲ."

ಕೋಲ್ಬಿ ನೀರು ದಾಟಿ ಬೈಯುತ್ತಲೇ ಬಂದ. "ಕೈ ಕಾಣಿಸ್ತಲ್ರೀ! ಮತ್ಯಾಕ್ ಓಡಿದ್ರಿ?"

"ಅವ್ನು ಸಾಯ್ತಾ ಇದ್ದ ಕಣೋ," ಎಂದಳು ವರ್ನಾ. "ಆ ಸಿನಿಮಾದಲ್ಲಿ. ನನ್ನ ಕರೀತಿದ್ದ. ಚೆನ್ನಾಗಿದಾನೆ ಅಂದ್ಕೊಂಡು ನಾನು ನಿಂತೇ ಇದ್ದೆ."

ಕೋಲ್ಬಿಯತ್ತ ಅವಳು ನೋಡಲೂ ಇಲ್ಲ. ಹುಡುಗಿಯ ಕೈಗೆ ಹಣೆ ಒತ್ತಿ ಅಳತೊಡಗಿದಳು. "ಬಂದೆ ಡೆಲ್, ಬಂದೆ ಕಣೋ," ಎನ್ನುತ್ತಿದ್ದಳು. ಮರಿಸೋಲ್ ಸ್ಟಿಯರಿಂಗಿನ ಹಿಂದೆ ಹಾಗೇ ಕೂತಿದ್ದಳು, ಕೈ ಹಿಂದಕ್ಕೆಳೆದುಕೊಳ್ಳದೆ.