ಫೂಲ ಕಿತ್ತ ಕೌದಿ

ಅಕ್ಕ ನನಗೆ ಹೇಳಿದ್ದು ಒಂದೇ ಕೆಲಸ. ಅದನ್ನು ನಾನು ಮಾಡಲಿಲ್ಲ. ಮಾಡದೆ ಇದ್ದದ್ದಲ್ಲದೆ, ಮಾಡಿದೆ ಎಂದು ಸುಳ್ಳು ಹೇಳಿದೆ. ಅದಕ್ಕೂ ಮೊದಲು, ಅವಳು ಒಂದು ಮಳೆಗಾಲವಿಡೀ ಕೂತು ಹೊಲಿದ ಕೌದಿಯ ನಾಲ್ಕು ಮೂಲೆಯ ಫೂಲಗಳನ್ನು ಕತ್ತರಿ ಹಾಕಿ ಬಿಡಿಸಿದೆ.

ನಾವು ಸಿದ್ದಿಗಳು. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ಗೋವಕ್ಕೆ ತಂದು ಮಾರಿದರಂತೆ. ಅವರು ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ನಮ್ಮ ಊರು ಯಲ್ಲಾಪುರದ ಕಡೆ. ಹಳೆ ಸೀರೆ, ಲುಂಗಿ, ಅಂಗಿಗಳ ತುಂಡು ಸೇರಿಸಿ ಕೌದಿ ಹೊಲಿಯುವುದು ನಮ್ಮ ಹೆಂಗಸರ ಕೆಲಸ. ಕೊನೆಯಲ್ಲಿ ಬಣ್ಣದ ಬಟ್ಟೆಯನ್ನು ಮೂರು ಮೂಲೆಯಾಗಿ ಮಡಚಿ, ಒಂದರ ಮೇಲೊಂದು ಇಟ್ಟು, ನಾಲ್ಕೂ ತುದಿಗೆ ಹೊಲಿಯುತ್ತೇವೆ. ಅದೇ ಫೂಲ, ಅಂದರೆ ಹೂವು. ಅದಿಲ್ಲದಿದ್ದರೆ ಕೌದಿ ಬೆತ್ತಲೆ ಎಂದು ಅಜ್ಜಿ ಹೇಳುತ್ತಿದ್ದಳು. ಅಂಥದ್ದರ ಮೇಲೆ ಅವಳು ಕೂಸನ್ನು ಮಲಗಿಸುತ್ತಿರಲಿಲ್ಲ.

ಅಜ್ಜಿ ಒಬ್ಬ ಒಡೆಯರ ಮನೆಯಲ್ಲಿ ಜೀತಕ್ಕಿದ್ದವಳು. ಮಗಳನ್ನೂ ಕೆಲಸಕ್ಕೆ ಬಿಡು ಎಂದು ಅವರು ಹೇಳಿದ ದಿನ ಒಂದು ಕೌದಿಯನ್ನು ತಲೆಗೆ ಸುತ್ತಿಕೊಂಡು, ಮಗಳ ಕೈ ಹಿಡಿದು ಹೊರಟಳು. ಹುಡುಕಿ ಬಂದವರಿಗೆ, "ನನ್ನ ಅಜ್ಜ ಹಡಗಿನವರನ್ನೇ ಬಿಟ್ಟು ಬಂದವ. ನೀವು ಯಾವ ಲೆಕ್ಕ?" ಅಂದಳಂತೆ. ಮಾರ್ನವಮಿಯಲ್ಲಿ ಹಿರಿಯರ ಹೆಸರಿನ ತೆಂಗಿನಕಾಯಿ ಬದಲಿಸಿ ನೀರು ಬಿಡುವಾಗ ಅಕ್ಕ ಈ ಮಾತನ್ನು ಮಕ್ಕಳೆದುರು ಪ್ರತಿ ವರ್ಷ ಹೇಳುತ್ತಾಳೆ.

ಅಕ್ಕ ಓದಿದ್ದು ಐದನೇ ಕ್ಲಾಸು. ನಾನು ಎರಡನೆಯದರಲ್ಲಿದ್ದಾಗ ಹುಡುಗರು ನನ್ನ ಕೂದಲಲ್ಲಿ ಪೆನ್ಸಿಲ್ ಸಿಕ್ಕಿಸಿ, ಅದು ಬೀಳುವುದಿಲ್ಲ ಎಂದು ನಗುತ್ತಿದ್ದರು. ಅಕ್ಕ ಬಂದು ಒಬ್ಬನ ಕಪಾಳಕ್ಕೆ ಬಾರಿಸಿದಳು. ಮಾಸ್ತರರು ಕ್ಷಮೆ ಕೇಳು ಎಂದರೆ ಕೇಳಲಿಲ್ಲ. ಅವಳ ಶಾಲೆ ಅಲ್ಲಿಗೆ ಮುಗಿಯಿತು. ನಾನು ಆರನೆಯದರವರೆಗೆ ಹೋದೆ. ನಾನು ಇದನ್ನು ಬರೆಯುತ್ತಿರುವ ಅಕ್ಷರ ಅವಳು ಬಿಟ್ಟುಕೊಟ್ಟದ್ದು.

ಬೆಂಗಳೂರಿನ ಒಂದು ಮನೆಯಲ್ಲಿ ನಾನು ಆ ಮನೆಯ ವಯಸ್ಸಾದ ಅಮ್ಮನನ್ನು ನೋಡಿಕೊಳ್ಳುತ್ತಿದ್ದೆ. ಕೊರೋನಾ ತಗ್ಗಿದ ಮೇಲೆ ಅವರ ಮಗಳಿಗೆ, ನಮ್ಮ ಮೇಡಂ ಅವರಿಗೆ, ಅಮೆರಿಕದ ವಾಷಿಂಗ್ಟನ್ನಿನ ಒಂದು ದೊಡ್ಡ ಕಚೇರಿಯಲ್ಲಿ ಕೆಲಸವಾಯಿತು. ಮನೆಕೆಲಸದವರಿಗೆ ಕೊಡುವ ವೀಸಾದಲ್ಲಿ ನಾನೂ ಅವರಿಬ್ಬರ ಜೊತೆ ವಾಷಿಂಗ್ಟನ್ ಹತ್ತಿರದ ಸ್ಟರ್ಲಿಂಗ್‌ಗೆ ಬಂದೆ. ಹೊರಡುವ ಹೊತ್ತಿಗೆ ಅಕ್ಕ ಕೌದಿ ಮಡಚಿ ನನ್ನ ಪೆಟ್ಟಿಗೆಗೆ ತುರುಕಿದಳು.

"ಅಲ್ಲಿ ನಮ್ಮ ಹಾಂಗಿನವರು ಬಾಳ ಜನ ಇದ್ದಾರಂತೆ. ಅವರ ಅಜ್ಜಿಯರೂ ಕೌದಿ ಹೊಲೀತಿದ್ರಂತೆ. ಅವರಿಗೆ ಇದನ್ನ ತೋರಿಸು. ನಮ್ಮಜ್ಜಿ ವಿಷಯ ಹೇಳು."

"ನನ್ನ ಇಂಗ್ಲಿಷು ಯಾರಿಗೆ ತಿಳೀತದೆ ಮಾರಾಯ್ತಿ?"

"ಕೌದಿಗೆ ಇಂಗ್ಲಿಷು ಎಂತಕ್ಕೆ? ತೋರಿಸಿ ಒಂದು ಫೋಟೋ ಕಳಿಸು ಸಾಕು."

ಫೋಟೋ ಅವಳಿಗಲ್ಲ. ಅಕ್ಕ ಕೇರಿಯ ಎಂಟು ಹತ್ತು ಹುಡುಗಿಯರಿಗೆ ಕೌದಿ ಕಲಿಸುತ್ತಾಳೆ. ಅವರಲ್ಲಿ ಕೆಲವರು ಪೇಟೆಗೆ ಹೋದರೆ ಸಿದ್ದಿ ಎಂದು ಹೇಳುವುದಿಲ್ಲ, ಕೂದಲು ಮುಚ್ಚಿಕೊಳ್ಳುತ್ತಾರೆ. ಸಮುದ್ರದ ಆಚೆಗೂ ನಿಮ್ಮ ನೆಂಟರಿದ್ದಾರೆ, ತಲೆ ಎತ್ತಿ ಓಡಾಡುತ್ತಾರೆ, ನನ್ನ ತಂಗಿ ತೋರಿಸುತ್ತಾಳೆ ನೋಡಿ ಎಂದು ಅಕ್ಕ ಅವರಿಗೆ ಮಾತು ಕೊಟ್ಟಿದ್ದಳು.

ಅವಳ ತಂಗಿಯೂ ಕೂದಲು ಮುಚ್ಚಿಕೊಂಡೇ ಇದ್ದಳು.

ಬಂದ ವರ್ಷದ ಯುಗಾದಿಗೆ ಕನ್ನಡದವರೆಲ್ಲ ಒಂದು ಶಾಲೆಯ ಸಭಾಂಗಣದಲ್ಲಿ ಸೇರಿದ್ದರು. ನಾನು ಅಮ್ಮನಿಗೆ ಒಬ್ಬಟ್ಟು ಮುರಿದು ತಿನ್ನಿಸುತ್ತಿದ್ದೆ. ಒಬ್ಬ ಆಂಟಿ ನನ್ನೆದುರೇ ಮೇಡಂ ಅವರನ್ನು ಕೇಳಿದರು, "ಆಫ್ರಿಕನ್ ಹೆಲ್ಪರ್‌ನ ಹೈರ್ ಮಾಡಿದೀರಾ? ಕನ್ನಡ ಎಷ್ಟು ಚೆನ್ನಾಗಿ ಟ್ರೈನ್ ಮಾಡಿದೀರಿ."

"ಅಯ್ಯೋ, ಅವಳು ನಮ್ಮ ಕರ್ನಾಟಕದೋಳೇ ರೀ."

"ಹೌದಾ? ಏನಮ್ಮ, ನಿಜವಾಗ್ಲೂ? ನಿಮ್ಮೋರು ಆಫ್ರಿಕಾದಿಂದ ಬಂದೋರಾ?"

ಅವರು ಕೆಟ್ಟದಾಗಿ ಕೇಳಲಿಲ್ಲ, ಕುತೂಹಲಕ್ಕೆ ಕೇಳಿದರು. ನಾನು ಹೇಳಿದೆ, "ಇಲ್ಲಾಂಟಿ. ನಾವು ಆಫ್ರಿಕಾದೋರಲ್ಲ. ಬಿಸಿಲಿಗೆ ಕಪ್ಪಾಗಿದೀವಿ ಅಷ್ಟೆ." ಮೇಜಿನ ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ನೋಡಿದರೆ ಮಂಚದ ಮೇಲೆ ಕೌದಿ. ಯಾರು ನೋಡಿದರೂ ಮೊದಲು ಆ ಮೂಲೆಗಳ ಬಗ್ಗೆಯೇ ಕೇಳುತ್ತಿದ್ದರು, ಇದೇನು, ಇದ್ಯಾಕೆ, ನೀವು ಯಾರು ಎಂದು. ಫೂಲ ಇಲ್ಲದಿದ್ದರೆ ಅದು ಬರೀ ಹೊದಿಕೆ, ಯಾವ ಊರಿನದಾದರೂ ಆಗಬಹುದು. ಕತ್ತರಿ ತೆಗೆದುಕೊಂಡೆ. ಅಕ್ಕನ ಹೊಲಿಗೆ ಗಟ್ಟಿ, ಬೇಗ ಬಿಡಲಿಲ್ಲ. ಕಿತ್ತ ಫೂಲಗಳನ್ನು ಎಸೆಯಲಾರದೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟೆ.

ಅಮ್ಮನನ್ನು ವಾರಕ್ಕೆ ಮೂರು ದಿನ ವಯಸ್ಸಾದವರು ಸೇರುವ ಒಂದು ಕೇಂದ್ರಕ್ಕೆ ಕರೆದೊಯ್ಯುತ್ತಿದ್ದೆ. ಅಲ್ಲಿ ಕೆಲಸ ಮಾಡುತ್ತಿದ್ದ ಒಬ್ಬ ಕಪ್ಪು ಹಿರಿಯಾಕೆಗೆ ಅರವತ್ತು ದಾಟಿರಬೇಕು. ಬಿಳಿ ಕೂದಲನ್ನು ಸಣ್ಣ ಸಣ್ಣ ಜಡೆ ಹಾಕಿ ಬಿಟ್ಟಿರುತ್ತಿದ್ದರು, ಏನೂ ಮುಚ್ಚಿಕೊಳ್ಳುತ್ತಿರಲಿಲ್ಲ. ಒಂದು ಚಳಿಯ ಬೆಳಿಗ್ಗೆ ಅಮ್ಮನ ಕಾಲಿನ ಮೇಲೆ ಕೌದಿ ಹೊದಿಸಿದ್ದೆ. ಆಕೆ ಮೊಣಕಾಲೂರಿ ಕೂತು ಹೊಲಿಗೆಯ ಮೇಲೆ ಕೈ ಆಡಿಸಿದರು. ಅವರ ಅಜ್ಜಿ ಕೆರೊಲಿನಾದಲ್ಲಿ ಹೀಗೇ ಹೊಲಿಯುತ್ತಿದ್ದಳಂತೆ. ಇದನ್ನು ಹೊಲಿದವರು ಯಾರು, ನಿನ್ನ ಜನ ಯಾರು ಎಂದು ಕೇಳಿದರು. ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತಿತ್ತು.

"ಶಾಪ್," ಎಂದೆ. "ಇಂಡಿಯಾ ಶಾಪ್."

ಆಕೆ ಮೂಲೆ ಹಿಡಿದು ನೋಡಿದರು. ದಾರದ ತುಂಡುಗಳು ಇನ್ನೂ ನೇತಾಡುತ್ತಿದ್ದವು. ಇಲ್ಲಿ ಏನೋ ಇತ್ತಲ್ಲ ಎಂದರು. ನಾನು ಅಮ್ಮನ ಗಾಲಿಕುರ್ಚಿ ತಳ್ಳಿಕೊಂಡು ಹೋದೆ.

ಆ ವಾರ ಅಕ್ಕ ಫೋನಿನಲ್ಲಿ ಕೇಳಿದಳು, "ತೋರಿಸಿದ್ಯನೇ?"

"ಹೂಂ ತೋರಿಸಿದೆ. ಬಾಳ ಖುಷಿಪಟ್ಟರು."

"ಫೋಟೋ?"

"ಫೋನು ಚಾರ್ಜ್ ಇರಲಿಲ್ಲ."

"ಆ ದೇಶದಲ್ಲೂ ಕರೆಂಟು ಹೋಗ್ತದನೇ?" ಎಂದು ನಕ್ಕಳು. ಮುಂದಿನ ತಿಂಗಳೂ ಕೇಳಿದಳು. ಆಮೇಲೆ ಕೇಳುವುದನ್ನು ನಿಲ್ಲಿಸಿದಳು. ಊಟ ಆಯ್ತಾ, ಚಳಿ ಹೆಂಗಿದೆ, ಇಷ್ಟೇ. ಕಪಾಳಕ್ಕೆ ಬಾರಿಸಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದವರು ಅಮ್ಮ. ಅವರಿಗೆ ಮರೆವು. ಮಗಳ ಹೆಸರೇ ಒಮ್ಮೊಮ್ಮೆ ನೆನಪಾಗುವುದಿಲ್ಲ. ಆದರೆ ಕೌದಿ ಹೊದ್ದು ಕೂತಾಗಲೆಲ್ಲ ಅವರ ಬೆರಳು ಮೂಲೆ ಹುಡುಕುತ್ತಿತ್ತು.

"ಇಲ್ಲೊಂದು ಹೂವಿತ್ತಲ್ಲೇ. ಎಲ್ಲಿ ಹೋಯ್ತು?"

"ಬಿದ್ದೋಯ್ತಮ್ಮ."

"ಹುಡುಕು ಮತ್ತೆ. ಪಾಪ, ಹೊಲಿದೋರು ಬೇಜಾರ್ ಮಾಡ್ಕೊಳ್ಳಲ್ವಾ?"

ಒಂದೇ ದಿನ ನಾಲ್ಕು ಸಲ ಕೇಳಿದರು. ಎಲ್ಲ ಮರೆತವರಿಗೆ ನೆನಪಿದ್ದದ್ದನ್ನು, ಏನೂ ಮರೆಯದ ನಾನು ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಐದನೇ ಸಲ ಕೇಳಿದಾಗ, "ಹುಡುಕ್ತೀನಮ್ಮ" ಎಂದೆ. ಆ ಮಧ್ಯಾಹ್ನವೇ ಬಿಸ್ಕತ್ತಿನ ಡಬ್ಬಿ ತೆಗೆದೆ. ಮೂರು ಫೂಲ ಸರಿಯಾಗಿದ್ದವು. ನಾಲ್ಕನೆಯದನ್ನು ನನ್ನ ಕತ್ತರಿ ಸೀಳಿತ್ತು. ಅದು ಅಜ್ಜಿಯ ಕೆಂಪು ಸೀರೆಯ ತುಂಡು. ನಾನು ತಲೆಗೆ ಕಟ್ಟುತ್ತಿದ್ದ ಬಟ್ಟೆಯನ್ನು ಬಿಚ್ಚಿ, ಅದರಿಂದ ಒಂದು ಪಟ್ಟಿ ಕತ್ತರಿಸಿ, ಸೀರೆಯ ಚೂರನ್ನು ಒಳಗಿಟ್ಟು ಮಡಚಿದೆ. ನಾಲ್ಕೂ ಮೂಲೆ ಹೊಲಿದು ಮುಗಿಸಲು ಮೂರು ಮಧ್ಯಾಹ್ನ ಬೇಕಾಯಿತು. ಆ ಬಟ್ಟೆಯನ್ನು ಮತ್ತೆ ತಲೆಗೆ ಕಟ್ಟಲಿಲ್ಲ.

ಕೇಂದ್ರದ ಹಿರಿಯಾಕೆಯ ಮುಂದೆ ಕೌದಿ ಹರಡಿದೆ. "ಐ ಲೈ. ನೋ ಶಾಪ್. ಮೈ ಸಿಸ್ಟರ್," ಎಂದೆ. ಆಕೆ ನಾಲ್ಕೂ ಮೂಲೆಯ ಫೂಲಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಆಮೇಲೆ ಶನಿವಾರ ಬಿಡುವಿದೆಯೇ ಎಂದು ಕೇಳಿದರು.

ಶನಿವಾರ ಮೇಡಂ ಅವರೇ ನನ್ನನ್ನು ಲೈಬ್ರರಿಗೆ ಡ್ರೈವ್ ಮಾಡಿ ಬಿಟ್ಟರು. ಒಳಗಿನ ಕೋಣೆಯಲ್ಲಿ ಆ ಹಿರಿಯಾಕೆಯೂ ಸೇರಿ ಹನ್ನೆರಡು ಕಪ್ಪು ಹೆಂಗಸರಿದ್ದರು, ಎಲ್ಲರ ಮಡಿಲಲ್ಲೂ ಹೊಲಿಗೆ. ಶುರು ಮಾಡುವ ಮೊದಲು ಒಬ್ಬೊಬ್ಬರೂ ತಮ್ಮ ಮನೆಯ ಹಿರಿಯರ ಹೆಸರು ಹೇಳಿ, ಒಂದು ಲೋಟದಿಂದ ಗಿಡದ ಕುಂಡಕ್ಕೆ ನೀರು ಬಿಟ್ಟರು. ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ನನ್ನ ಸರದಿ ಬಂತು. ಅಜ್ಜಿಯ ಹೆಸರು ಹೇಳಿ ನೀರು ಬಿಟ್ಟೆ. ಹಡಗು, ಕಾಡು, ತಲೆಯ ಮೇಲಿನ ಕೌದಿ, ಅಜ್ಜಿ ಕೊಟ್ಟ ಉತ್ತರ, ಎಲ್ಲವನ್ನೂ ಇದ್ದ ಇಂಗ್ಲಿಷಿನಲ್ಲೇ ಹೇಳಿದೆ. ಪದ ಸಿಗದ ಕಡೆ ಕನ್ನಡದಲ್ಲಿ ಹೇಳಿದೆ. ನಾಚಿಕೆಯಾಗಲಿಲ್ಲ. ಎಲ್ಲರೂ ಕೌದಿಯ ಅಂಚು ಹಿಡಿದು ನಿಂತರು, ಫೋಟೋ ತೆಗೆದೆವು.

ಮರುದಿನ ಬೆಳಿಗ್ಗೆ ಏಳಕ್ಕೆ ವಿಡಿಯೋ ಕಾಲ್ ಮಾಡಿದೆ. ಊರಿನಲ್ಲಿ ಸಂಜೆಯಾಗುತ್ತಿತ್ತು. ಅಂಗಳದಲ್ಲಿ ಹುಡುಗಿಯರು ಅಕ್ಕನ ಸುತ್ತ ಹೊಲಿಯುತ್ತ ಕೂತಿದ್ದರು. ನಾನು ರಾತ್ರಿಯೇ ಕಳಿಸಿದ್ದ ಫೋಟೋ ಆಗಲೇ ಕೈಯಿಂದ ಕೈಗೆ ಹೋಗಿತ್ತು.

"ಇವರೆಲ್ಲ ಯಾರಕ್ಕ, ನಮ್ಮೋರಾ?" ಎಂದು ಒಬ್ಬಳು ಕೇಳುತ್ತಿದ್ದಳು.

"ಕೇಳು ಅವಳನ್ನೇ," ಎಂದಳು ಅಕ್ಕ. ನನ್ನ ಕಡೆ ನೋಡಿದಳು. "ಎಂತದೇ, ಇವತ್ತು ತಲೆಗೆ ಬಟ್ಟೆ ಇಲ್ಲ? ಚಾರ್ಜೂ ಇದ್ದಂಗಿದೆ."

ಅಲ್ಲಿಗೇ ನಿಲ್ಲಿಸಿದ್ದರೆ ಅಕ್ಕ ಸುಮ್ಮನಾಗುತ್ತಿದ್ದಳು, ಹುಡುಗಿಯರಿಗೆ ಏನೂ ತಿಳಿಯುತ್ತಿರಲಿಲ್ಲ. ಆದರೆ ನನ್ನ ಹಾಗೆ ಮುಚ್ಚಿಕೊಂಡು ಬದುಕುವುದು ಅವರಿಗೆ ಬೇಡ.

"ಅಕ್ಕಾ, ಸೌಂಡ್ ಜೋರು ಮಾಡು. ಅವರಿಗೂ ಕೇಳಲಿ."

ಮಾಡಿದಳು. ಸೂಜಿಗಳು ನಿಂತವು.

"ನಾನು ಮೊದಲು ತೋರಿಸಿರಲಿಲ್ಲ ಅಕ್ಕಾ, ಸುಳ್ಳು ಹೇಳಿದೆ. ಫೂಲ ಕತ್ತರಿಸಿದವಳೂ ನಾನೇ. ಎಲ್ಲರೆದುರು ನಾವು ಆಫ್ರಿಕಾದವರಲ್ಲ ಅಂದೆ. ನನಗೋಸ್ಕರ ನೀನು ಶಾಲೆ ಬಿಟ್ಟೆ, ನಾನು ನಿನ್ನನ್ನೂ ಅಜ್ಜಿಯನ್ನೂ ನನ್ನವರಲ್ಲ ಅಂದುಬಿಟ್ಟೆ. ತಪ್ಪಾಯ್ತು ಅಕ್ಕಾ. ನನ್ನ ಕ್ಷಮಿಸು."