ತೆರೆಯದ ಎದೆಯೊಳಗಿನ ಸದ್ದು

ಇಂಥದ್ದನ್ನು ಬೇರೆ ಯಾರಾದರೂ ನನ್ನೆದುರು ಹೇಳಿದ್ದರೆ, ನಿದ್ದೆ ಸರಿಯಾಗಿ ಆಗುತ್ತಿದೆಯಾ ಎಂದು ಕೇಳಿ, ಬಿಪಿ ನೋಡಿ ಮನೆಗೆ ಕಳಿಸಿಬಿಡುತ್ತಿದ್ದೆ. ಆಸ್ಪತ್ರೆಗಳಲ್ಲಿ ಇಂಥ ಕಥೆಗಳಿಗೆ ಬರವಿಲ್ಲ. ಲಿಫ್ಟಿನಲ್ಲಿ ಕಾಣುವ ಬಿಳಿ ಸೀರೆಯವಳು, ಖಾಲಿ ಹಾಸಿಗೆಯಿಂದ ಹೊಡೆದುಕೊಳ್ಳುವ ಬೆಲ್ಲು, ಎಲ್ಲ ಕೇಳಿ ಕೇಳಿ ಸಾಕಾಗಿತ್ತು. ದಿನಾ ಹೃದಯವನ್ನು ಕೈಯಲ್ಲಿ ಹಿಡಿಯುವವಳಿಗೆ ಇಂಥ ಭ್ರಮೆಯೆಲ್ಲ ಇರುವುದಿಲ್ಲ ಎಂದು ಜಂಬ ಬೇರೆ ಕೊಚ್ಚಿಕೊಳ್ಳುತ್ತಿದ್ದೆ. ಆ ಜಂಬ ಈಗ ಇಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ನಾ ಮುಂದು ತಾ ಮುಂದು ಎಂದು ಏಳುತ್ತಿದ್ದ ಕಾಲ ಅದು. ನಾನು ಹೃದಯ ಮತ್ತು ಎದೆಯ ಶಸ್ತ್ರಚಿಕಿತ್ಸೆಯ ಕೊನೆಯ ವರ್ಷದಲ್ಲಿದ್ದೆ. ಅಪ್ಪ ಬಾಲಾನಗರದ ಸರಕಾರಿ ಕಾರ್ಖಾನೆಯಲ್ಲಿದ್ದರು. ಕೂಕಟ್‌ಪಲ್ಲಿಯ ನಮ್ಮ ಮನೆಯೊಳಗೆ ಬಿಜಾಪುರದ ಕನ್ನಡ, ಬಾಗಿಲು ದಾಟಿದರೆ ತೆಲುಗು. ನನಗಿಂತ ಎಷ್ಟೋ ಚಿಕ್ಕವಳಾದ ಚಿಕ್ಕಪ್ಪನ ಮಗಳು ಕಂಪ್ಯೂಟರ್ ಕಂಪನಿ ಸೇರಿ ಕಾರು ಕೊಂಡಿದ್ದಳು, ನಾನು ಮೂವತ್ತು ದಾಟಿಯೂ ಪರೀಕ್ಷೆಗೆ ಓದುತ್ತಿದ್ದೆ. ಇನ್ನೂ ಎಷ್ಟು ಓದುತ್ತೀಯವ್ವಾ ಎಂದು ಕೇಳದ ನೆಂಟರಿರಲಿಲ್ಲ.

ನಮ್ಮ ಕೊನೆಯ ಪರೀಕ್ಷೆಯಲ್ಲಿ ಒಬ್ಬ ರೋಗಿಯನ್ನು ಕೊಡುತ್ತಾರೆ. ಅವನನ್ನು ಪರೀಕ್ಷಿಸಿ, ಕಾಯಿಲೆ ಏನು, ಏನು ಮಾಡಬೇಕು ಎಂದು ಹೊರಗಿನಿಂದ ಬಂದ ಪರೀಕ್ಷಕರ ಎದುರು ಹೇಳಬೇಕು. ನನಗೆ ಸಿಕ್ಕವನು ಮಲ್ಲಪ್ಪ. ಯಾದಗಿರಿ ಕಡೆಯವನು, ಇಪ್ಪತ್ತಾರರ ಯುವಕ, ಆ ಗಾಜಿನ ಕಟ್ಟಡಗಳಿಗೇ ಕಾಂಕ್ರೀಟಿನ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದವನು. ಹೀಗೆ ಪರೀಕ್ಷೆಗೆಂದು ಮಲಗಿಸುವ ರೋಗಿಗಳಿಗೆ ತಮ್ಮ ಕಾಯಿಲೆಯ ಹೆಸರು ಬಾಯಿಪಾಠ ಆಗಿರುತ್ತದೆ. ನಾನು ಕನ್ನಡದಲ್ಲಿ ಹೆಸರು ಕೇಳಿದ್ದೇ ತಡ, ಅವನ ಮುಖ ಅರಳಿತು. ಅತ್ತಿತ್ತ ನೋಡಿ ಮೆಲ್ಲಗೆ ಹೇಳಿದ: "ಅಕ್ಕಾರ, ಎಡಕಿನ ವಾಲ್ವು ಸಣ್ಣ ಆಗೈತಂತ್ರಿ. ಸುಣ್ಣ ಕಟ್ಟೈತಂತ. ಹಂಗ ಬರದ ಬಿಡ್ರಿ, ಪಾಸ್ ಆಗ್ತೀರಿ."

ನನಗೆ ನಗು ಬಂತು. ನಗುತ್ತಲೇ ಸ್ಟೆತಾಸ್ಕೋಪನ್ನು ಅವನ ಎದೆಗಿಟ್ಟೆ.

ಟಿಕ್, ಟಿಕ್, ಟಿಕ್. ಗೋಡೆ ಗಡಿಯಾರದಂಥ ಸದ್ದು.

ಅದು ಲೋಹದ ವಾಲ್ವಿನ ಸದ್ದು. ಕೆಟ್ಟ ವಾಲ್ವನ್ನು ತೆಗೆದು ಲೋಹದ್ದನ್ನು ಹಾಕಿದವರ ಎದೆಯಲ್ಲಿ ಮಾತ್ರ ಕೇಳುತ್ತದೆ. ಅವರು ಬಾಯಿ ತೆರೆದು ಕುಳಿತರೆ ಪಕ್ಕದವರಿಗೂ ಕೇಳುವುದುಂಟು. ಮಲ್ಲಪ್ಪನ ಎದೆಯ ಮೇಲೆ ಒಂದು ಗೀರೂ ಇರಲಿಲ್ಲ. ಸಣ್ಣಗಾದ ವಾಲ್ವು ತೆರೆಯುವಾಗಲೂ ಚಟಕ್ ಎಂದು ಒಂದು ಸದ್ದಾಗುತ್ತದೆ, ಅದನ್ನೇ ಕೇಳಿರಬೇಕು ಎಂದು ಬಲ್ಲವರು ಹೇಳಿಯಾರು. ನಾನೂ ಹಾಗೆಯೇ ಅಂದುಕೊಂಡೆ. ಆದರೆ ಕೇಳುತ್ತಿದ್ದ ಹಾಗೆ ಆ ಟಿಕ್ ಟಿಕ್ ಮಂಕಾಯಿತು, ಬಟ್ಟೆ ಸುತ್ತಿದ ಹಾಗೆ. ಆಮೇಲೆ ನಿಂತೇಹೋಯಿತು. ಲೋಹದ ವಾಲ್ವು ಹಾಕಿಸಿಕೊಂಡವರಿಗೆ ನಾವು ಹೇಳಿ ಕಳಿಸುವುದೇ ಅದು: ಸದ್ದು ಮಂಕಾದರೆ ರಕ್ತ ಹೆಪ್ಪುಗಟ್ಟಿ ವಾಲ್ವು ಸಿಕ್ಕಿಕೊಂಡಿದೆ ಎಂದರ್ಥ, ಇದ್ದ ಕೆಲಸ ಬಿಟ್ಟು ಓಡಿ ಬನ್ನಿ.

ನಾನು ಸ್ಟೆತಾಸ್ಕೋಪು ಕಿತ್ತು ಅವನ ಮುಖ ನೋಡಿದೆ. ಆರಾಮಾಗಿ ಮಲಗಿದ್ದ. ಏನಾಯಿತೆಂದು ಅವನೇ ಕೇಳಿದ. ಏನಿಲ್ಲ, ಉಸಿರು ಹಿಡಿ ಎಂದೆ. ಮತ್ತೆ ಇಟ್ಟಾಗ ಪುಸ್ತಕದಲ್ಲಿ ಬರೆದಂಥ ಗುಡುಗುಡು ಸದ್ದು, ಮತ್ತೇನೂ ಇಲ್ಲ. ಪರೀಕ್ಷಕರು ಬಂದರು. ಕೇಳಿದ ಎರಡು ಸದ್ದಿನಲ್ಲಿ ಹೇಳಬಹುದಾದದ್ದನ್ನು ಹೇಳಿದೆ, ಪಾಸಾದೆ. ಅಪ್ಪ ಕಾರ್ಖಾನೆಗೆಲ್ಲ ಪೇಢೆ ಹಂಚಿದರು.

ಮಲ್ಲಪ್ಪನ ಆಪರೇಷನ್ ನಮ್ಮಲ್ಲೇ ನಿಗದಿಯಾಯಿತು. ಪಾಸಾದ ಮೇಲೆ ನಾನೂ ಅಲ್ಲೇ ಕೆಲಸಕ್ಕೆ ಸೇರಿದ್ದೆ. ಆ ವಾಲ್ವನ್ನು ನೀನೇ ಹಾಕು, ನಾನು ಎದುರು ನಿಂತಿರುತ್ತೇನೆ ಎಂದರು ನನಗೆ ಕಲಿಸಿದ ಪ್ರೊಫೆಸರು. ಅದು ನಾನೇ ಮುಂದೆ ನಿಂತು ಹಾಕುವ ಮೊದಲ ವಾಲ್ವು. ವರ್ಷಗಟ್ಟಲೆ ಅದಕ್ಕೇ ಕಾದಿದ್ದೆ. ಸಂತೋಷಪಡುವ ಬದಲು, ಲೋಹದ್ದು ಬೇಡ ಸರ್, ಪ್ರಾಣಿಯ ಅಂಗಾಂಶದ್ದನ್ನು ಹಾಕೋಣ ಎಂದುಬಿಟ್ಟೆ. ಅದರಲ್ಲಿ ಸದ್ದೂ ಇಲ್ಲ, ಹೆಪ್ಪುಗಟ್ಟುವ ಭಯವೂ ಕಡಿಮೆ. ಆದರೆ ಅದು ಸವೆಯುತ್ತದೆ. ಈ ವಯಸ್ಸಿನವನಿಗೆ ಹತ್ತು ವರ್ಷದಲ್ಲಿ ಮತ್ತೆ ಎದೆ ತೆರೆಯಬೇಕಾಗುತ್ತದೆ, ಆಗ ಈ ಬಡವ ಎಲ್ಲಿಗೆ ಹೋಗಬೇಕು ಎಂದರು ಪ್ರೊಫೆಸರು. ಅವರದು ನೂರಕ್ಕೆ ನೂರು ಸರಿ. ನಿನ್ನ ಕಾರಣವೇನು ಎಂದು ಕೇಳಿದರು. ಕೇಳಿದ ಸದ್ದಿನ ಮಾತನ್ನು ಎತ್ತದೆ, ನೀವು ಹೇಳಿದ್ದೇ ಸರಿ ಸರ್ ಎಂದೆ.

ಲೋಹದ್ದನ್ನೇ ಹಾಕಿದೆ. ಒಂದೊಂದು ಹೊಲಿಗೆಯನ್ನೂ ಎರಡೆರಡು ಸಲ ಎಳೆದು ನೋಡಿದೆ. ನಿಲ್ಲಿಸಿದ್ದ ಹೃದಯ ತಾನಾಗಿ ಬಡಿಯತೊಡಗಿದಾಗ ಪ್ರೊಫೆಸರು ನನ್ನನ್ನು ನೋಡಿ ತಲೆದೂಗಿದರು. ಮರುದಿನ ಐಸಿಯುನಲ್ಲಿ ಅವನ ಎದೆಗೆ ಸ್ಟೆತಾಸ್ಕೋಪಿಟ್ಟೆ. ಅದೇ ಟಿಕ್ ಟಿಕ್. ಎಲ್ಲ ಲೋಹದ ವಾಲ್ವುಗಳೂ ಹಾಗೆಯೇ ಅನ್ನುತ್ತವೆ, ನಿಜ. ಆದರೂ ಅದು ಮಂಕಾಗುವುದೇನೋ ಎಂದು ಸುಮಾರು ಹೊತ್ತು ಕೇಳುತ್ತ ನಿಂತೆ.

ಮಲ್ಲಪ್ಪ ಚೆನ್ನಾಗಿ ಚೇತರಿಸಿಕೊಂಡ. ಭಾರ ಎತ್ತಬಾರದೆಂದು ಹೇಳಿದ್ದಕ್ಕೆ ಶಂಶಾಬಾದಿನಲ್ಲಿ ಏಳುತ್ತಿದ್ದ ಕಟ್ಟಡವೊಂದರ ಸಾಮಾನು ಕಾಯುವ ಕೆಲಸ ಹಿಡಿದ. ರಕ್ತ ತೆಳುವಾಗಿಡುವ ಗುಳಿಗೆಯನ್ನು ಅವನ ಹೆಂಡತಿ ನೀಲಮ್ಮ ತಾನೇ ಕೈಯಾರೆ ನುಂಗಿಸುತ್ತಿದ್ದಳು. ತಿಂಗಳಿಗೊಮ್ಮೆ ರಕ್ತಪರೀಕ್ಷೆಗೆ ಕರೆದುಕೊಂಡು ಬಂದಾಗ, ನನ್ನ ಗಂಡ ಗಡಿಯಾರ ನುಂಗ್ಯಾನ್ರಿ ಎಂದು ವಾರ್ಡಿನವರನ್ನೆಲ್ಲ ನಗಿಸುತ್ತಿದ್ದಳು. ಸದ್ದು ಮಂಕಾದರೆ ಏನು ಮಾಡಬೇಕೆಂದು ನಾನು ಅವಳಿಗೆ ಪ್ರತಿ ಸಲ ಹೇಳುತ್ತಿದ್ದೆ. ಎಷ್ಟು ಸಲ ಹೇಳ್ತೀರಿ ಅಕ್ಕಾರ, ಎಂದು ಅವಳಿಗೇ ಬೇಜಾರಾಗಿತ್ತು. ಪ್ರತಿ ಸಲವೂ ರಕ್ತದ ಪರೀಕ್ಷೆ ಇರಬೇಕಾದ ಹಾಗೆಯೇ ಇರುತ್ತಿತ್ತು.

ಮುಂದಿನ ಬೇಸಿಗೆಯ ಒಂದು ಮಧ್ಯಾಹ್ನ ಅವಳು ಅವನನ್ನು ಆಟೋದಲ್ಲಿ ಹಾಕಿಕೊಂಡು ಬಂದಳು. ಊಟಕ್ಕೆ ಕೂತಾಗ ಸದ್ದು ಮಂಕಾಯಿತಂತೆ, ತಟ್ಟೆ ಅಲ್ಲೇ ಬಿಟ್ಟು ಹೊರಟಿದ್ದಳು. ಒಂದು ನಿಮಿಷವನ್ನೂ ಅವಳು ಹಾಳು ಮಾಡಿರಲಿಲ್ಲ. ನಾವೂ ಮಾಡಲಿಲ್ಲ. ಟ್ರಾಲಿಯನ್ನು ತಳ್ಳಿಕೊಂಡು ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂದಾಗ ನಾನು ಬಗ್ಗಿ ಅವನ ಎದೆಗೆ ಸ್ಟೆತಾಸ್ಕೋಪಿಟ್ಟೆ. ಬಟ್ಟೆ ಸುತ್ತಿದ ಹಾಗೆ, ಮಂಕಾಗಿ, ಟಿಕ್, ಟಿಕ್. ನನಗೆ ಅದು ಎಲ್ಲಿ ನಿಲ್ಲುತ್ತದೆಂದು ಗೊತ್ತಿತ್ತು. ಅಲ್ಲೇ ನಿಂತಿತು. ಆಮೇಲೆ ನಾವು ಮಾಡಿದ್ದೆಲ್ಲ ಮಾಡಬೇಕಾದ್ದನ್ನು ಮಾಡಿದ್ದಷ್ಟೇ.

ಹೆಣ ಊರಿಗೆ ಒಯ್ಯುವ ಗಾಡಿ ಬರುವುದು ತಡವಾಯಿತು. ನೀಲಮ್ಮ ಥಿಯೇಟರಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಅತ್ತು ಅತ್ತು ದನಿ ಕಟ್ಟಿಹೋಗಿತ್ತು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವಳೇ ಕೇಳಿದಳು.

"ಅಕ್ಕಾರ, ನಿಮ್ಮ ಪರೀಕ್ಷಾ ದಿನ ನೀವು ಅವನ ಎದಿ ಮ್ಯಾಲಿಂದ ಕೈ ತಗದು ಮಾರಿ ನೋಡಿದ್ರಂತ. ಅಕ್ಕಾರು ಏನೋ ಕೇಳ್ಯಾರ, ಹೇಳವಲ್ಲರು ಅಂತ ನನ್ನ ಮುಂದ ಭಾಳ ಸಲ ಅಂದಿದ್ದ. ಏನ ಕೇಳಿದ್ರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇವತ್ತಿನ ಈ ಸಪ್ಪಳಾನ ಕೇಳಿದ್ದೆ, ವಾಲ್ವು ಹಾಕೂಕಿಂತ ಮೊದಲ ಕೇಳಿದ್ದೆ ಎಂದೆ. ನನ್ನ ಮೇಲೆ ಕೂಗಾಡಿಯಾಳು, ಹೊಡೆದಾಳು, ಹೊಡೆಯಲಿ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾರ ಆ ಸಪ್ಪಳ ನೀವು ಹಾಕಿದ್ದಲ್ಲ ಬಿಡ್ರಿ," ಎಂದಳು. "ಮೊದಲಿಂದಾನ ಒಳಗಿತ್ತು."

ಅಷ್ಟರಲ್ಲಿ ಗಾಡಿ ಬಂತು.

ಆಮೇಲೆ ನಾನು ಸಾಕಷ್ಟು ವಾಲ್ವುಗಳನ್ನು ಹಾಕಿದ್ದೇನೆ. ಲೋಹದವೇ ಹೆಚ್ಚು. ಅವರೆಲ್ಲ ಆರಾಮಾಗಿ ಓಡಾಡುತ್ತಿದ್ದಾರೆ. ಆಪರೇಷನ್ನಿನ ಹಿಂದಿನ ದಿನ ಪ್ರತಿಯೊಬ್ಬರ ಎದೆಯನ್ನೂ ನಾನೇ ಕೇಳುತ್ತೇನೆ, ಕಿರಿಯರಿಗೆ ಬಿಡುವುದಿಲ್ಲ. ಆ ಸದ್ದು ಮತ್ತೆ ಕೇಳಿಲ್ಲ. ಕೇಳಿದರೆ ಏನು ಮಾಡಬೇಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನೀಲಮ್ಮ ಆ ಮಾತನ್ನು ನನ್ನ ಸಮಾಧಾನಕ್ಕೆಂದು ಹೇಳಿದಳೋ, ತನ್ನ ಸಮಾಧಾನಕ್ಕೋ, ಅದೂ ಗೊತ್ತಿಲ್ಲ. ನನಗಂತೂ ಅದರಿಂದ ಸಮಾಧಾನವಾಗಲಿಲ್ಲ.